ಸದ್ದು ಮಾಡಬೇಡಿ, ರಜೆಯಲ್ಲಿದ್ದಾರೆ

ನಿದ್ದೆಯ ವಿಷಯಕ್ಕೆ ಬಂದರೆ ನಾನೂ ಅಕ್ಕನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದು ಯಾರೂ ನಂಬುವುದಿಲ್ಲ. ನನ್ನದು ಹೊಲಿಗೆ ಕೆಲಸ. ಮಿಷನ್ನಿನ ಮೇಲೆ ತಲೆಯಿಟ್ಟರೆ ಸಾಕು, ಗೊರಕೆ ಶುರು. ಅಕ್ಕ ಮಾತ್ರ ಮೂರು ವರ್ಷದಿಂದ ನೆಟ್ಟಗೆ ಕಣ್ಣು ಮುಚ್ಚಿದವಳಲ್ಲ.

ಅವಳದು ಪ್ರಚಾರದ ಕೆಲಸ. ಅಂಗಡಿ, ಹೋಟೆಲುಗಳ ಪರವಾಗಿ ಪತ್ರಿಕೆಯವರ ಜೊತೆ ಮಾತಾಡುವುದು, ಜನ ತಿರುಗಿ ನೋಡುವಂಥದ್ದೇನಾದರೂ ಹುಟ್ಟುಹಾಕುವುದು. ಊರಿಗೆಲ್ಲ ರಜೆ ಬಂದಾಗ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅಂಥದ್ದೇ ಒಂದು ರಜೆಯ ವಾರ ಪತ್ರಿಕಾಗೋಷ್ಠಿಯಲ್ಲಿ ಕೂತವಳು ಫೋನಿನ ಸದ್ದು ಅಡಗಿಸಿಟ್ಟಿದ್ದಳು. ಹೊರಗೆ ಬಂದು ನೋಡಿದರೆ ಆಸ್ಪತ್ರೆಯಿಂದ ಹನ್ನೊಂದು ಕರೆ. ಅಷ್ಟರಲ್ಲಿ ಭಾವ ಹೋಗಿ ಅರ್ಧ ಗಂಟೆಯಾಗಿತ್ತು. ಅವತ್ತಿನಿಂದ ಅವಳು ಫೋನಿನ ಸದ್ದು ಅಡಗಿಸಿಲ್ಲ, ಅದನ್ನು ಯಾರ ಕೈಗೂ ಕೊಟ್ಟಿಲ್ಲ. ದಿಂಬಿನ ಕೆಳಗೇ ಇಟ್ಟುಕೊಂಡು ಗಂಟೆಗೊಮ್ಮೆ ಎದ್ದು ನೋಡುತ್ತಾಳೆ. ಅದನ್ನು ಕಿತ್ತುಕೊಂಡು ಬಾವಿಗೆ ಎಸೆಯಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ವರ್ಷದ ರಜೆಗೂ ಅವಳ ಪಾಲಿಗೆ ಬಂದದ್ದು ಹಳೇ ಗಿರಾಕಿಯಾದ ಒಂದು ಹಾಸಿಗೆ ಅಂಗಡಿ. ಹಿಂದಿನ ಎರಡು ರಜೆಯಲ್ಲಿ ಅದಕ್ಕಾಗಿ ಹೂಡಿದ ಉಪಾಯಗಳು ಠುಸ್ಸೆಂದಿದ್ದವು. "ಈ ಸಲಾನೂ ಪೇಪರ್‌ನಲ್ಲಿ ಬರ್ಲಿಲ್ಲ ಅಂದ್ರೆ ನಾನು ಬೇರೆಯವ್ರನ್ನ ನೋಡ್ಕೋತೀನಿ ಮೇಡಂ," ಎಂದು ಮಾಲೀಕರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು.

ಅಕ್ಕ ಒಂದು ವಾರ ಯೋಚಿಸಿದಳು. "ರಜೆ ಬಂದ್ರೆ ಎಲ್ರೂ ಎಲ್ಲಿಗೆ ಹೋಗೋಣ ಅಂತಾರೆ ಕಣೇ. ನಾವು ಎಲ್ಲೂ ಹೋಗ್ಬೇಡಿ, ಸುಮ್ನೆ ಮಲ್ಗಿ ಅನ್ನೋಣ," ಎಂದಳು. ಬೀದಿಗೆ ಕಾಣುವ ಗಾಜಿನ ಶೋಕೇಸಿನಲ್ಲಿ ಒಂದು ಮಂಚ, ಅದರ ಮೇಲೆ ದಿನವಿಡೀ ನಿಜವಾಗಿ ನಿದ್ದೆ ಮಾಡುವ ಒಬ್ಬ ಮನುಷ್ಯ. ಗಾಜಿನ ಮೇಲೆ ಬೋರ್ಡು: ಸದ್ದು ಮಾಡಬೇಡಿ, ರಜೆಯಲ್ಲಿದ್ದಾರೆ. ನಿದ್ದೆ ಬಾರದವಳಿಗೆ ನಿದ್ದೆ ಮಾರುವ ಕೆಲಸ ಎಂದು ನಾನು ನಕ್ಕೆ, ಆಮೇಲೆ ಯಾಕಾದರೂ ನಕ್ಕೆನೋ ಎನ್ನಿಸಿತು. ತಿಳಿನೀಲಿ ಪರದೆ ಹೊಲಿದುಕೊಟ್ಟೆ. ಅರಳೆಯ ಉಂಡೆಗಳನ್ನು ದಾರಕ್ಕೆ ಪೋಣಿಸಿ ಮೋಡ ಮಾಡಿ ಮೇಲಿಂದ ಇಳಿಬಿಟ್ಟೆ.

ಮಲಗಲು ಬಂದವನು ಒಬ್ಬ ನಾಟಕದ ನಟ. ನಿದ್ದೆಯ ಪಾತ್ರದಲ್ಲೂ ಅವನಿಗೆ ಚಪ್ಪಾಳೆ ಬೇಕಿತ್ತು. ಒಂದು ಕಣ್ಣು ತೆರೆದು ಎಷ್ಟು ಜನ ಸೇರಿದ್ದಾರೆಂದು ಎಣಿಸುತ್ತಿದ್ದ. ಹೊರಗೆ ನಿಂತವರು ಕಿಸಕ್ಕೆಂದು ನಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತು, "ಇಷ್ಟು ಮೆತ್ತಗಿದ್ರೆ ಬೆನ್ನು ನೋಯುತ್ತೆ ಮೇಡಂ, ನಂಗೆ ನೆಲಾನೇ ಒಗ್ಗೋದು," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ನಾಲ್ಕು ಗಂಟೆಗೆ ಪತ್ರಿಕೆಯವರು ಬರುವುದಿತ್ತು. ಮಂಚ ಖಾಲಿ. "ನೀನು ಮಲ್ಕೋ," ಎಂದು ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಗೊರಕೆ ಗಾಜು ದಾಟಿ ಬೀದಿಗೆ ಕೇಳಿಸುತ್ತದೆಂದು ಅವಳಿಗೇ ನೆನಪಾಯಿತು. "ಹೋಗ್ಲಿ, ಅವ್ರು ಬರೋವರೆಗೆ ನಾನೇ ಕಣ್ಮುಚ್ಚಿ ಬಿದ್ಕೊಂಡಿರ್ತೀನಿ. ದಿಂಬು ತೆಳ್ಳಗಿದೆ, ಫೋನ್ ಇಟ್ರೆ ಹೊರಗೆ ಕಾಣುತ್ತೆ. ನೀನು ಹಿಡ್ಕೊಂಡಿರು. ಬೆಲ್ ಆದ ತಕ್ಷಣ ಎಬ್ಬಿಸು."

ಅವಳ ಕೈಬಿಸಿ ಆರದ ಫೋನನ್ನು ಹಿಡಿದು ನಾನು ಪರದೆಯ ಪಕ್ಕ ನಿಂತೆ. ಮೊದಲು ಅವಳ ರೆಪ್ಪೆಗಳು ಅದುರುತ್ತಿದ್ದವು. ಫ್ಯಾನಿನ ಗಾಳಿಗೆ ಅರಳೆಯ ಮೋಡಗಳು ಮೆಲ್ಲಗೆ ತಿರುಗುತ್ತಿದ್ದವು. ನೀಲಿ ಬೆಳಕು ಅವಳ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕೈಗೆ ಹರಿಯುತ್ತಿತ್ತು. ಯಾವಾಗಲೋ ಅವಳ ಬಿಗಿಮುಷ್ಟಿ ಬಿಚ್ಚಿಕೊಂಡಿತು. ಬಾಯಿ ಕೊಂಚ ತೆರೆಯಿತು. ಚಿಕ್ಕವಳಾಗಿದ್ದಾಗ ನನ್ನ ಪಕ್ಕ ಮಲಗುತ್ತಿದ್ದ ಅಕ್ಕನ ಮುಖ ಎಷ್ಟೋ ವರ್ಷಗಳ ಮೇಲೆ ಮರಳಿ ಬಂದಿತ್ತು. ನನಗೆ ಅಳು ಬಂತು.

ಗಾಜಿನಾಚೆ ಜನ ಸೇರತೊಡಗಿದರು. ಈಗ ಯಾರೂ ನಗಲಿಲ್ಲ. ಬಲೂನು ಮಾರುವವನು ಪೀಪಿ ಜೇಬಿಗಿಳಿಸಿದ. ಚೀಲ ಹೊತ್ತ ಹೆಂಗಸೊಬ್ಬಳು ಅದನ್ನು ಸದ್ದಾಗದಂತೆ ನೆಲಕ್ಕಿಟ್ಟು ನಿಂತೇಬಿಟ್ಟಳು. ಬಸ್ಸೊಂದು ಹಾರನ್ ಹೊಡೆಯದೆ ಸರಿದುಹೋಯಿತು. ಇಡೀ ಬೀದಿ ಅಕ್ಕನ ಉಸಿರಿನ ಲಯಕ್ಕೆ ಏರಿಳಿಯುತ್ತಿದೆ ಎಂದು ನನಗೆ ಭಾಸವಾಯಿತು.

ನಾಲ್ಕಕ್ಕೆ ಪತ್ರಿಕೆಯ ಹಿರಿಯ ಹೆಂಗಸು ಬಂದರು, ಜೊತೆಗೆ ಫೋಟೋ ತೆಗೆಯುವವರು. ಅಂಗಡಿಯ ವಿಷಯ ಅಕ್ಕನೇ ಹೇಳಬೇಕಿತ್ತು. ಮಾಲೀಕರು ಚಡಪಡಿಸಿದರು. "ಸಾಕು, ಎಬ್ಬಿಸಮ್ಮ."

ಎಬ್ಬಿಸಿದರೆ ಅವಳ ಕೆಲಸ ಉಳಿಯುತ್ತದೆ. ಆದರೆ ಈ ನಿದ್ದೆ ಮತ್ತೆ ಬರುತ್ತದೆಂದು ಯಾರು ಹೇಳಬೇಕು? ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಮಾತು ಬಂತು. "ಬೋರ್ಡು ಓದಿ ಸರ್."

ಅಷ್ಟರಲ್ಲಿ ಫೋನು ಕೈಯಲ್ಲಿ ಬಡಿದುಕೊಂಡಿತು. ಅದನ್ನು ಎದೆಗೆ ಅದುಮಿಕೊಂಡು ಹಾಸಿಗೆಗಳ ರಾಶಿಯ ಹಿಂದಕ್ಕೆ ಓಡಿದೆ. "ಅವಳು ಮಲಗಿದಾಳೆ. ನಾನು ತಂಗಿ, ಏನಿದ್ರೂ ನಂಗೆ ಹೇಳಿ," ಎಂದೆ. ಆಮೇಲೆ ಬಂದ ಕರೆಗಳಿಗೂ ಅದನ್ನೇ ಹೇಳಿದೆ. ಪತ್ರಿಕೆಯ ಹೆಂಗಸು ಒಂದು ಪ್ರಶ್ನೆಯನ್ನೂ ಕೇಳದೆ ಅರ್ಧ ಗಂಟೆ ನಿಂತು, ಆಕಳಿಸುತ್ತ ಹೊರಟುಹೋದರು. ಮಾಲೀಕರು ನನ್ನ ಮುಖ ನೋಡದೆ ಒಳಗೆ ನಡೆದರು.

ಅಕ್ಕ ಎದ್ದಾಗ ಆರೂವರೆ. ಗಾಬರಿಯಿಂದ ದಿಂಬಿನ ಕೆಳಗೆ ಕೈಹಾಕಿದಳು. "ಯಾರು ಮಾಡಿದ್ರೇ?"

"ಒಂಬತ್ತು ಕಾಲ್. ಎಲ್ಲಕ್ಕೂ ಹಲೋ ಅಂದೆ. ನೀನು ಮಲಗಿದೀಯ ಅಂದೆ."

"ಅದಕ್ಕೇನಂದ್ರು?"

"ಸರಿ ಅಂದ್ರು."

ಅವಳು ಬಹಳ ಹೊತ್ತು ಅರಳೆಯ ಮೋಡಗಳನ್ನೇ ನೋಡುತ್ತ ಕೂತಿದ್ದಳು. ಫೋನು ಚಾಚಿದೆ, ತೆಗೆದುಕೊಳ್ಳಲಿಲ್ಲ. "ಇವತ್ತೊಂದಿನ ನಿನ್ ಹತ್ರಾನೇ ಇರ್ಲಿ," ಎಂದಳು.

ಮಾರನೆಯ ದಿನ ಬಾಗಿಲಿಗೆ ಬಿದ್ದ ಪೇಪರಿನಲ್ಲಿ ಅರ್ಧ ಪುಟದ ಚಿತ್ರವಿತ್ತು: ಉಸಿರು ಹಿಡಿದು ನಿಂತ ಬೀದಿ, ನಡುವೆ ಅಕ್ಕ. ಒಂಬತ್ತಕ್ಕೆ ಮಾಲೀಕರ ಫೋನು ಬಂತು. "ಮೇಡಂಗೆ ಕೊಡಮ್ಮ, ಅಂಗಡಿ ಮುಂದೆ ಜಾತ್ರೆ ಸೇರಿದೆ."

ನಾನು ಕೋಣೆಯೊಳಗೆ ಇಣುಕಿದೆ. "ಇನ್ನೂ ಮಲಗಿದಾಳೆ ಸರ್."

ಅವರು ದನಿ ತಗ್ಗಿಸಿ, "ಹಾಗಾದ್ರೆ ಎಬ್ಬಿಸ್ಬೇಡಮ್ಮ," ಎಂದರು.