ಕಪಾಟಿನ ಕೀಲಿಕೈ

ಕುಲಶೇಖರದ ನಮ್ಮ ಸಂಸ್ಕೃತ ಪಾಠಶಾಲೆಯಲ್ಲಿ ಹೊಸ ಶಿಕ್ಷಕರನ್ನು ತಯಾರು ಮಾಡುತ್ತಿದ್ದವರು ಒಬ್ಬ ಹಿರಿಯ ಟೀಚರ್. ‘ಬೋಧನಾ ಸಾಮಗ್ರಿ’ ಎಂದು ಚೀಟಿ ಅಂಟಿಸಿದ್ದ ಕಪಾಟಿನ ಕೀಲಿಕೈ ಅವರ ಸೆರಗಿನ ತುದಿಯಲ್ಲಿತ್ತು. ಹೊಸದಾಗಿ ಸೇರಿದ್ದ ನಾನು ಕೇಳಿದಾಗಲೆಲ್ಲ ಸೆರಗನ್ನು ಬೆರಳಿಗೆ ಸುತ್ತುತ್ತಾ, “ಕೊಡುವಾ, ಅವಸರ ಎಂತ?” ಎನ್ನುತ್ತಿದ್ದರು. ನನ್ನ ಡೈರಿಯ ಪ್ರಕಾರ ಇಪ್ಪತ್ತಮೂರು ಸಲ.

ಕೆಲಸ ಕಾಯಂ ಆಗಲು ಆಡಳಿತ ಮಂಡಳಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅಂದೂ ಕೀಲಿಕೈ ಸಿಗಲಿಲ್ಲ. ನನ್ನ ಟಿಫಿನ್ ಡಬ್ಬಿ ಬಿಚ್ಚಿ, ಇಡ್ಲಿ ತೋರಿಸಿಯೇ ವಿಭಕ್ತಿ ಕಲಿಸಿದೆ. ಮಕ್ಕಳು ನಕ್ಕು ನಕ್ಕು ಕಲಿತರು, ಕೆಲಸ ಉಳಿಯಿತು.

ಸಂಜೆ ಟೀಚರ್ ತಾವಾಗಿಯೇ ಕಪಾಟು ತೆರೆದರು. ಒಳಗೆ ಒಂದು ಕೊಡೆ, ಎರಡು ಭರಣಿ ಉಪ್ಪಿನಕಾಯಿ.

“ಇದೆಂತ ಟೀಚರ್, ಸಾಮಗ್ರಿ ಎಲ್ಲಿ?”

“ಬೆಳಿಗ್ಗೆ ನಿನ್ನ ಡಬ್ಬಿಯಲ್ಲಿತ್ತಲ್ಲ ಮಾರಾಯ್ತಿ! ಉಪ್ಪಿನಕಾಯಿ ಬೇಕಾ?”

ಅವರು ನಿವೃತ್ತರಾದ ಮೇಲೆ ಕೀಲಿಕೈ ನನ್ನ ಪಾಲಿಗೆ ಬಂತು. ನಿನ್ನೆ ಹೊಸ ಮೇಷ್ಟ್ರು ಅದನ್ನು ಕೇಳಿದರು.

“ಕೊಡುವಾ, ಅವಸರ ಎಂತ?” ಎಂದೆ. ಡೈರಿಯಲ್ಲಿ ಬರೆದುಕೊಂಡೆ: ಒಂದು.