ಊಟ ತೂಗುವ ಹೌಸಾಬಾಯಿ

ಹೌಸಾಬಾಯಿ ಲೋಹಕರೆಗೆ ಸೌಟಿನ ಸದ್ದು ಕೇಳಿದರೆ ಸಾಕು, ಪಾತ್ರೆಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತಿತ್ತು. ತುಂಬಿದ ಪಾತ್ರೆಯಲ್ಲಿ ಸೌಟು ಮಾತಾಡುವುದಿಲ್ಲ. ಮುಳುಗಿ ಏಳುತ್ತದೆ, ಅಷ್ಟೆ. ತಳ ಕಂಡ ಪಾತ್ರೆಯಲ್ಲಿ ವಟಗುಟ್ಟುತ್ತದೆ. ಅವಳ ಅವ್ವ ಐದು ಮಕ್ಕಳನ್ನು ಸಾಲಾಗಿ ಕೂರಿಸಿ, ಇನ್ನೂ ಬೇಕಾದಷ್ಟಿದೆ ಎಂದು ಅವರಿಗೆ ಅನ್ನಿಸಲೆಂದೇ ಅಂಬಲಿಯ ಮಡಕೆಯನ್ನು ಜೋರಾಗಿ ಕೆರೆದು ಬಡಿಸುತ್ತಿದ್ದಳು. ನಾಲ್ವರು ನಂಬುತ್ತಿದ್ದರು. ಹೌಸಾ ನಂಬುತ್ತಿರಲಿಲ್ಲ, ಆದರೆ ಎರಡನೇ ಸಲ ಕೇಳುತ್ತಲೂ ಇರಲಿಲ್ಲ.

ಅಂಥ ಕಿವಿಯ ಹೆಂಗಸು ತನ್ನ ಐವತ್ತೆರಡನೇ ವಯಸ್ಸಿನಲ್ಲಿ ನಾಲ್ಕು ತಿಂಗಳು ಮೋಸಹೋದಳು. ಆ ಮೋಸದಿಂದ ಒಂದು ಜೀವ ಹೋಗುವುದರಲ್ಲಿತ್ತು.

ಅಂಗನವಾಡಿಯಲ್ಲಿ ಅಡುಗೆ ಮಾಡಿಕೊಂಡಿದ್ದ ಅವಳನ್ನು ಬೆಟ್ಟದ ಕೆಳಗಿನ ಸಂಶೋಧನಾ ಕೇಂದ್ರದವರು ಕರೆದದ್ದು ಅವಳ ಅಕ್ಷರ ನೋಡಿ. ಓದಿದ್ದು ಏಳನೆಯ ಇಯತ್ತೆ. ಅಕ್ಷರ ಮಾತ್ರ ಸಾಲಿನಲ್ಲಿ ನೆಟ್ಟ ಭತ್ತದ ಸಸಿಯ ಹಾಗೆ. ಅಂಗೈ ಅಗಲದ ಒಂದು ತಕ್ಕಡಿ, ಬೆರಳ ತುದಿಯ ರಕ್ತ ನೋಡುವ ಪುಟ್ಟ ಯಂತ್ರ, ಗೆರೆ ಹಾಕಿದ ವಹಿ, ಇಷ್ಟನ್ನು ಚೀಲಕ್ಕೆ ಹಾಕಿ ಕೊಟ್ಟರು. ಹಿರಡೇವಾಡಿ ಮತ್ತು ಸುತ್ತಲಿನ ಪಾಡಾಗಳೆಂಬ ಸಣ್ಣ ಕೇರಿಗಳಲ್ಲಿ ಆರು ಮನೆ. ತಿಂಗಳಿಗೆ ಮೂರು ದಿನ ಪ್ರತಿ ಮನೆಗೂ ಹೋಗಿ, ಸಕ್ಕರೆ ಕಾಯಿಲೆಯವರು ಉಣ್ಣುವುದನ್ನೆಲ್ಲ ತುತ್ತಿನ ಲೆಕ್ಕದಲ್ಲಿ ತೂಗಿ ಬರೆಯಬೇಕು. ಉಂಡ ಎರಡು ಗಂಟೆಗೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಆ ವಹಿಗಳನ್ನು ಕೇಂದ್ರದವರು ಪುಣೆಗೂ ಕಳಿಸುತ್ತಾರೆ.

ದಾರಿಯಲ್ಲಿ ಕೂತ ಗಂಡಸರು ಬಿಡುತ್ತಿರಲಿಲ್ಲ. ನಾಯಿಗೆ ಹಾಕಿದ್ದನ್ನೂ ತೂಗುತ್ತೀಯೇನು ಎಂದು ಒಬ್ಬ ಕೇಳಿದ್ದ.

"ನಿನ್ನ ಹೆಂಡತಿ ನಿನಗ ಹಾಕೋದನ್ನ ತೂಗಿದರ ಸಾಕು ಬಿಡಪಾ," ಎಂದಿದ್ದಳು ಹೌಸಾ, ನಡಿಗೆ ನಿಲ್ಲಿಸದೆ. "ನಾಯಿದು ಬ್ಯಾರೆ ಯಾಕ?"

ಕೇಂದ್ರದ ಡಾಕ್ಟರ್ ಕರಂದೀಕರ್ ಬಾಯಿಯವರು ಹುಡುಕುತ್ತಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಈ ಬೆಟ್ಟಗಳಲ್ಲಿ ಸಕ್ಕರೆ ಕಾಯಿಲೆ ಬರುವುದು ಬೊಜ್ಜು ಹೊಟ್ಟೆಯವರಿಗಲ್ಲ. ಇಪ್ಪತ್ತು ವರ್ಷದ, ಎಲುಬು ಎಣಿಸಬಹುದಾದ ಹುಡುಗ ಹುಡುಗಿಯರಿಗೆ. ತಾಯಿಯ ಹೊಟ್ಟೆಯಿಂದಲೇ ಹಸಿದು ಬೆಳೆದವರಲ್ಲಿ ಇನ್ಸುಲಿನ್ ಮಾಡುವ ಗ್ರಂಥಿಯೇ ಕುಗ್ಗಿ ಬೆಳೆದಿರಬಹುದು ಎಂಬುದು ಡಾಕ್ಟರರ ಅನುಮಾನ. ಹಾಗಿದ್ದರೆ ಇವರಿಗೆ ಪೇಟೆಯವರ ಪ್ರಮಾಣದ ಇನ್ಸುಲಿನ್ ಬೇಕಿಲ್ಲ, ಸ್ವಲ್ಪ ಸಾಕು. ಹೆಚ್ಚಾದರೆ ಸಕ್ಕರೆ ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು. ಆದರೆ ಎಷ್ಟು ಸ್ವಲ್ಪ? ಅದು ಊಟದ ಮೇಲೆ ನಿಂತಿದೆ. ಅದಕ್ಕೇ ತಕ್ಕಡಿ, ಅದಕ್ಕೇ ಹೌಸಾ.

ಆರು ಮನೆಗಳಲ್ಲಿ ಒಂದು ಧೋಂಡಾಬಾಯಿ ಗವಾರಿಯದು. ಅವಳ ಸೊಸೆ ಉಜ್ವಲಾಗೆ ಇಪ್ಪತ್ತೊಂದು ವರ್ಷ, ಮೂವತ್ತಾರು ಕಿಲೋ ತೂಕ. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿ. ಹೌಸಾ ಬರುವ ದಿನ ಮುಂಚೆಯೇ ಗೊತ್ತಿರುತ್ತಿತ್ತು. ಆ ದಿನಗಳಲ್ಲಿ ಆ ಮನೆಯಲ್ಲಿ ಅನ್ನ, ಬೇಳೆ, ಮೊಟ್ಟೆಯ ಸಾರು, ಒಮ್ಮೆ ಕೋಳಿ. ಉಜ್ವಲಾ ತಲೆ ತಗ್ಗಿಸಿ ಎಲ್ಲವನ್ನೂ ಉಣ್ಣುತ್ತಿದ್ದಳು. ಹೌಸಾ ತೂಗುತ್ತಿದ್ದಳು, ಬರೆಯುತ್ತಿದ್ದಳು, ಬೆರಳು ಚುಚ್ಚುತ್ತಿದ್ದಳು. ಯಂತ್ರ ಪ್ರತಿ ಸಲವೂ ದೊಡ್ಡ ಅಂಕಿ ತೋರಿಸುತ್ತಿತ್ತು. ಇಷ್ಟು ಉಣ್ಣುವ ಹುಡುಗಿಗೆ ಈ ಮದ್ದು ಸಾಲದು ಎಂದು ಕೇಂದ್ರದಲ್ಲಿ ದಿನದ ಹದಿನಾಲ್ಕು ಯೂನಿಟ್ಟನ್ನು ಹದಿನೆಂಟಕ್ಕೆ, ಆಮೇಲೆ ಇಪ್ಪತ್ತೆರಡಕ್ಕೆ ಏರಿಸಿದರು.

ಚೈತ್ರದಲ್ಲಿ ಅಳಲೆಕಾಯಿ ಆಯಲು ಊರೆಲ್ಲ ಕಾಡಿಗೆ ಹೋಗಿದ್ದ ದಿನ ಉಜ್ವಲಾ ಮರದ ಕೆಳಗೆ ಬುಟ್ಟಿಯ ಮೇಲೆಯೇ ಬಿದ್ದಳು. ಮೈಯೆಲ್ಲ ಬೆವರು, ಕಣ್ಣು ಮೇಲೆ. ಬೆಲ್ಲ ಒಸಡಿಗೆ ಉಜ್ಜಿ ಉಜ್ಜಿ ಹೆಂಗಸರು ಅವಳ ಜೀವವನ್ನು ಹಿಂದಕ್ಕೆ ಎಳೆದುಕೊಂಡರು.

ಸುದ್ದಿ ತಿಳಿದು ಹೌಸಾ ಮರುದಿನ ಹೊರಟಳು. ಅದು ತೂಕದ ದಿನವಲ್ಲ. ಹಳ್ಳ ದಾಟಿ, ಏರು ಹತ್ತಿ, ಗವಾರಿ ಮನೆಯ ಅಂಗಳಕ್ಕೆ ಕಾಲಿಟ್ಟವಳು ಅಲ್ಲಿಯೇ ನಿಂತಳು. ಒಳಗೆ ಸೌಟು ಮಡಕೆಯ ತಳವನ್ನು ಕೆರೆಯುತ್ತಿತ್ತು. ಜೋರಾಗಿ, ಬೇಕೆಂದೇ. ಅವಳಿಗೆ ಮಡಕೆ ಕೆರೆಯುತ್ತಿದ್ದ ಅವ್ವನ ಕೈಬಳೆಗಳು ಕಣ್ಣಮುಂದೆ ಬಂದವು.

ಒಳಗೆ ಉಜ್ವಲಾಳ ಮುಂದೆ ನೀರಾದ ರಾಗಿ ಅಂಬಲಿ, ಭಾಕ್ರಿ ರೊಟ್ಟಿಯ ಅರ್ಧ. ಧೋಂಡಾಬಾಯಿ ತಟ್ಟನೆ ಸೆರಗು ಚೆಲ್ಲಿ ತಟ್ಟೆ ಮುಚ್ಚಿದಳು.

"ಇವತ್ತು ಬರೋದಿರಲಿಲ್ಲಲ್ಲ ನೀ?"

ಕೋಳಿ ಎಲ್ಲಿಂದ ಬರುತ್ತಿತ್ತು ಎಂದು ಹೌಸಾ ಮೆಲ್ಲಗೆ ಕೇಳಿದಳು. ಉತ್ತರವನ್ನು ಉಜ್ವಲಾ ಕೊಟ್ಟಳು, ಕಣ್ಣೆತ್ತದೆ. ನೆರೆಯವರಿಂದ, ತವರಿನಿಂದ, ಒಮ್ಮೆ ಊರ ಪಾಟೀಲರ ಮನೆಯಿಂದ. ಮಾವಶಿ, ಎಂದರೆ ಚಿಕ್ಕಮ್ಮನಂಥ ಹೌಸಾ, ಬರುವ ಮೂರು ದಿನಕ್ಕಾಗಿ ಉಳಿದ ದಿನಗಳಲ್ಲಿ ಒಲೆ ಇನ್ನಷ್ಟು ತಣ್ಣಗಾಗುತ್ತಿತ್ತು.

"ಮತ್ತೇನು ಮಾಡಬೇಕಿತ್ತು?" ಧೋಂಡಾಬಾಯಿಯ ದನಿ ಏರಿತು. "ತಕ್ಕಡಿ ತಗೊಂಡು ಬಂದಾಕಿ ಅತಿಥಿ ಅಲ್ಲೇನು? ನಿನ್ನ ಮುಂದ ಅಂಬಲಿ ಇಡ್ಲೇನು? ಗವಾರಿ ಮನಿ ಸೊಸಿ ಅಂಬಲಿ ಕುಡದ್ಲು ಅಂತ ಪುಣೆದಾಗ ಕುಂತವರು ಓದಬೇಕೇನು?"

ಹೌಸಾ ಅಂಗಳಕ್ಕಿಳಿದು ಹೊರಟಳು. ಇಳಿಜಾರಿನ ಉದ್ದಕ್ಕೂ ಅವಳು ಒಂದೇ ಲೆಕ್ಕ ಹಾಕಿದಳು: ಇಪ್ಪತ್ತೆರಡು ಯೂನಿಟ್ಟು, ಅರ್ಧ ಭಾಕ್ರಿ. ಕೋಳಿ ಉಂಡವಳಿಗೆ ಕೊಟ್ಟ ಮದ್ದು ಅಂಬಲಿ ಕುಡಿದವಳ ಮೈಗೆ ಹೋಗುತ್ತಿತ್ತು. ಬರೆದದ್ದು ತನ್ನದೇ ಕೈ.

ಕೇಂದ್ರದ ಸೋಮವಾರದ ಸಭೆಯವರೆಗೆ ಅವಳು ಕಾಯಲಿಲ್ಲ. ಅಂದೇ ಜೀಪು ಹಿಡಿದು ಕೇಂದ್ರಕ್ಕೆ ಹೋಗಿ ನಾಲ್ಕು ತಿಂಗಳ ವಹಿಗಳನ್ನು ಮೇಜಿನ ಮೇಲಿಟ್ಟಳು.

"ಇವು ಸುಳ್ಳು ಅದಾವ್ರಿ ಮ್ಯಾಡಂ."

ಆಹಾರದ ಲೆಕ್ಕ ನೋಡುವ ಶಾಲ್ಮಲಿ ಎಂಬ ಹುಡುಗಿ ಪುಟ ತಿರುವಿ, ಪ್ರತಿಯೊಂದು ಗ್ರಾಮೂ ಸರಿಯಾಗಿದೆಯಲ್ಲ, ತಾನೇ ಎರಡು ಬಾರಿ ಪರೀಕ್ಷಿಸಿದ್ದೇನೆ ಎಂದಳು.

"ತೂಕ ಖರೇ ಐತಿ," ಎಂದಳು ಹೌಸಾ. "ಊಟ ಸುಳ್ಳು. ನಾ ತೂಗಿದ್ದು ಅವರ ಊಟ ಅಲ್ರಿ, ಅವರ ಮರ್ಯಾದಿ."

ಕೆಲಸ ಹೋಗುತ್ತದೆ ಎಂದುಕೊಂಡೇ ಅವಳು ನಿಂತಿದ್ದಳು. ಕರಂದೀಕರ್ ಬಾಯಿಯವರು ಕನ್ನಡಕ ತೆಗೆದು ವಹಿ ಮುಚ್ಚಿದರು. ಉಜ್ವಲಾಳದೊಂದೇ ಮನೆಯೋ, ಎಲ್ಲ ಮನೆಗಳೂ ಹೀಗೆಯೋ ಎಂದು ಕೇಳಿದರು. ತನ್ನ ಆರು ಮನೆಗಳಲ್ಲಿ ಆರೂ ಹೀಗೆಯೇ ಇರಬೇಕು ಎಂದಳು ಹೌಸಾ. ಬೇರೆ ಪಾಡಾಗಳಲ್ಲೂ ಅತಿಥಿಗೆ ಅಂಬಲಿ ಇಡುವವರನ್ನು ತಾನು ಕಂಡಿಲ್ಲ. ಡಾಕ್ಟರು ಆಗಲೇ ಫೋನು ಮಾಡಿಸಿ ಉಜ್ವಲಾಳ ಇನ್ಸುಲಿನ್ನನ್ನು ಹದಿನಾಲ್ಕಕ್ಕೆ ಇಳಿಸಿದರು. ಅದಕ್ಕಿಂತ ಕೆಳಗೆ ಕತ್ತಲಲ್ಲಿ ಹೋಗಲಾರೆ, ಸಕ್ಕರೆ ಏರಿದರೂ ಹುಡುಗಿ ಉಳಿಯುವುದಿಲ್ಲ, ಆದಷ್ಟು ಬೇಗ ನಿಜವಾದ ಊಟ ಬೇಕು ಎಂದರು.

"ಹ್ಯಾಂಗ ತರ್ತೀರಿ ಹೌಸಾಬಾಯಿ?"

"ಗೊತ್ತಿಲ್ರಿ," ಎಂದಳು ಅವಳು. "ತರ್ತೀನಿ."

ಹೇಳದೆ ಕೇಳದೆ ಹೋಗಿ ನೋಡಿದಳು. ಅವಳ ತಲೆ ಏರಿನಲ್ಲಿ ಕಂಡೊಡನೆ ಮನೆಯಲ್ಲಿದ್ದ ಧೋಂಡಾಬಾಯಿಯ ಮಗಳ ಮಗಳು ನೆರೆಮನೆಗೆ ಮೊಟ್ಟೆಗೆ ಓಡಿದಳು. ಬೇಡ ಎಂದು ಹೌಸಾ ಧೋಂಡಾಬಾಯಿಯ ಕೈ ಹಿಡಿದು ಬೇಡಿಕೊಂಡಳು. ಧೋಂಡಾಬಾಯಿ ಮುಖ ತಿರುಗಿಸಿದಳು. ಇನ್ನೊಂದು ಸಲ ಹೌಸಾ ಇಡೀ ದಿನ ಹೊಸ್ತಿಲ ಹೊರಗೆ ಕೂತಳು. ಆ ಮನೆಯಲ್ಲಿ ಅಂದು ಯಾರೂ ಉಣ್ಣಲೇ ಇಲ್ಲ. ಇದು ಎಲ್ಲಕ್ಕಿಂತ ಕೆಟ್ಟದಾಯಿತು. ಮದ್ದು ಚುಚ್ಚಿಕೊಂಡ ಉಜ್ವಲಾಳ ಕೈ ಮಧ್ಯಾಹ್ನಕ್ಕೆ ನಡುಗತೊಡಗಿ, ಹೌಸಾ ತಾನೇ ಬೆಲ್ಲದ ನೀರು ಕುಡಿಸಿ, ಯಂತ್ರದ ಅಂಕಿ ಮೇಲೇರುವವರೆಗೆ ಅವಳ ಬೆನ್ನಿಗೆ ಕೈಯಿಟ್ಟು ಕೂತಳು. ಆ ಬೆನ್ನು ಹೊರಸಿನ ಹಗ್ಗದ ಹಾಗಿತ್ತು.

ಹೊರಡುವಾಗ ಉಜ್ವಲಾ ಅಂಗಳದ ತುದಿಯವರೆಗೆ ಬಂದಳು.

"ಮಾವಶಿ, ಅತ್ತಿ ಮ್ಯಾಲ ಸಿಟ್ಟಾಗಬ್ಯಾಡ್ರಿ. ಆಕಿ ನನಗಿಂತ ಕಡಿಮಿ ಉಣ್ತಾಳ."

ಮನೆಗೆ ಬಂದು ಹೌಸಾ ತನ್ನ ಒಲೆಯ ಮುಂದೆ ಕೂತಳು. ಬುಟ್ಟಿಯಲ್ಲಿ ಬೆಳಗಿನ ಭಾಕ್ರಿ ಎರಡು, ಒಣಗಿ ಅಂಚು ಮೇಲೆದ್ದಿದ್ದವು. ಕಲ್ಲಿನಲ್ಲಿ ಅರೆದ ಹಸಿಮೆಣಸಿನ ಖಾರ. ತಾನು ಒಂಟಿಯಾಗಿದ್ದಾಗ ದಿನವೂ ಉಣ್ಣುವುದು ಇದನ್ನೇ. ಯಾರಾದರೂ ಬಂದರೆ? ಬಂದರೆ ಮೊದಲು ಬುಟ್ಟಿಯನ್ನು ಮುಚ್ಚುತ್ತಿದ್ದಳು. ಹಾಗೆ ಮುಚ್ಚಲು ಹೋದ ಕೈ ನಡುವೆ ನಿಂತಿತು. ಬುಟ್ಟಿಯನ್ನು ಅವಳು ತೆರೆದೇ ಬಿಟ್ಟಳು.

ಮರುದಿನ ಗವಾರಿ ಮನೆಯಲ್ಲಿ ಅವಳು ಯಾರ ಅಪ್ಪಣೆಗೂ ಕಾಯದೆ ಒಲೆಯ ಪಕ್ಕ ಕೂತು, ಬಟ್ಟೆಯ ಗಂಟು ಬಿಚ್ಚಿದಳು. ಹಿಂದಿನ ದಿನದ ಭಾಕ್ರಿ ಒಂದೂವರೆ, ಎಲೆಯ ತುಣುಕಿನಲ್ಲಿ ಖಾರ. ತಕ್ಕಡಿ ತೆಗೆದು ತನ್ನ ಭಾಕ್ರಿಯನ್ನೇ ಅದರ ಮೇಲಿಟ್ಟಳು.

"ಏನು ಮಾಡಾಕತ್ತಿ ನೀ?" ಎಂದಳು ಧೋಂಡಾಬಾಯಿ.

"ನಂದು ಬರಕೋತೀನಿ ವೈನಿ, ಮೊದಲ." ಅವಳು ಬರೆಯುತ್ತಲೇ ಜೋರಾಗಿ ಓದಿದಳು: "ಹೌಸಾ ಲೋಹಕರೆ. ತಂಗಳ ಭಾಕ್ರಿ, ನೂರಾ ಹತ್ತು ಗ್ರಾಂ. ಖಾರ, ಆರು ಗ್ರಾಂ. ಮತ್ತೇನೂ ಇಲ್ಲ. ಪುಣೆದವರು ಓದಲಿ."

ಆಮೇಲೆ ಒಂದು ಚಿಟಿಕೆ ಉಪ್ಪು ಕೇಳಿದಳು.

ಧೋಂಡಾಬಾಯಿ ಉಪ್ಪಿನ ಗಡಿಗೆ ಹಿಡಿದುಕೊಂಡು ನಿಂತೇ ಇದ್ದಳು. ಒಣ ಭಾಕ್ರಿ ಮುರಿಯುತ್ತಿರುವವಳ ಎದುರು ಯಾರಾದರೂ ಕೋಳಿ ತಿನ್ನುತ್ತಾರೆಯೇ? ಅದು ಅತಿಥಿಗೆ ಮಾಡುವ ಗೌರವವಲ್ಲ, ಅವಮಾನ. ಮೊಟ್ಟೆಗೆ ಓಡಲು ಸಿದ್ಧಳಾಗಿದ್ದ ಮೊಮ್ಮಗಳನ್ನು ಅವಳು ಕಣ್ಣಿನಿಂದಲೇ ತಡೆದಳು. ಕೊನೆಗೆ ಉಪ್ಪು ಹಾಕಿ, ಒಲೆಯ ಮೇಲಿನ ಮಡಕೆ ಇಳಿಸಿ, ಸೌಟು ಹಾಕಿದಳು. ಈ ಸಲ ಕೆರೆಯಲಿಲ್ಲ. ಇದ್ದಷ್ಟೇ ಸದ್ದು.

"ನಿನ್ನ ಖಾರದಾಗ ಬೆಳ್ಳುಳ್ಳಿ ಕಡಿಮಿ ಆಗೇತಿ," ಎಂದಳು, ಸೊಸೆಯ ತಟ್ಟೆಯನ್ನು ತಕ್ಕಡಿಯ ಕಡೆ ಸರಿಸುತ್ತ. "ನಿಮ್ಮ ಪಾಡಾದವರಿಗೆ ಮೊದಲಿಂದಲೂ ಕೈ ಬಿಗಿ."

ಅಂಬಲಿ ನೂರಾ ತೊಂಬತ್ತು ಗ್ರಾಂ. ಭಾಕ್ರಿ ಅರವತ್ತೆರಡು. ಹೌಸಾ ಬರೆದಳು. ಕೇಳದಿದ್ದರೂ ಧೋಂಡಾಬಾಯಿಯ ತಟ್ಟೆಯನ್ನೂ ತೂಗಿ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿಟ್ಟಳು.

ಹದಿನೈದು ದಿನ ಅವಳು ಗಂಟು ಕಟ್ಟಿಕೊಂಡು ಬಂದಳು. ಪ್ರತಿ ಪುಟದ ಮೊದಲ ಸಾಲು ಅವಳದೇ. ಆ ವಹಿ ನೋಡಿ ಡಾಕ್ಟರು ಉಜ್ವಲಾಗೆ ಎಂಟು ಯೂನಿಟ್ಟು ಇನ್ಸುಲಿನ್ ಮತ್ತು ಒಂದು ಮಾತ್ರೆ ಗೊತ್ತುಮಾಡಿದರು. ಚೀಟಿಯಲ್ಲಿ ಅದಕ್ಕೂ ಮೇಲೆ ಊಟ ಎಂದು ಬರೆದು ಅಡಿಗೆರೆ ಎಳೆದರು. ಅಧ್ಯಯನದಲ್ಲಿದ್ದ ಎಲ್ಲ ಮನೆಗಳಿಗೂ ಶೇಂಗಾ, ಬೇಳೆ, ಮೊಟ್ಟೆ ಹೋಗುವ ವ್ಯವಸ್ಥೆ ಮಾಡಿದರು. ನಾಲ್ಕು ತಿಂಗಳ ಹಳೆಯ ವಹಿಗಳನ್ನೆಲ್ಲ ಕೈಬಿಟ್ಟು ಮೊದಲಿನಿಂದ ಶುರುಮಾಡಿದ್ದರಿಂದ ಅಧ್ಯಯನ ಒಂದು ವರ್ಷ ಹಿಂದೆ ಬಿತ್ತು. ಉಳಿದ ಪಾಡಾಗಳಲ್ಲಿ ಹೌಸಾಳ ಹಾಗೆಯೇ ಊಟ ತೂಗುವ ಹೆಂಗಸರಿಗೂ ಗಂಟು ಕಟ್ಟಿಕೊಂಡು ಹೋಗಲು ಹೇಳಿದರು. ನಿನ್ನ ದೆಸೆಯಿಂದ ನಮಗೂ ತಂಗಳು ಬಂತು ಎಂದು ಅವರು ಹೌಸಾಳನ್ನು ಬೈದರು. ಶಾಲ್ಮಲಿ ಮಾತ್ರ ಒಂದು ದಿನ ತಾನೂ ಜೊತೆಗೆ ಬಂದಳು, ತನ್ನ ಡಬ್ಬಿಯಲ್ಲಿದ್ದ ಬ್ರೆಡ್ಡನ್ನು ನಾಚಿಕೊಂಡು ತೂಗಿಸಿಕೊಂಡಳು. ಮೂವತ್ತೆಂಟು ಗ್ರಾಂ. ನಿನ್ನ ಅವ್ವ ಏನೂ ಕೊಡೋದಿಲ್ಲೇನವಾ ಎಂದು ಧೋಂಡಾಬಾಯಿ ಮರುಗಿ, ತನ್ನ ಭಾಕ್ರಿಯ ಕಾಲು ಭಾಗ ಮುರಿದು ಕೊಟ್ಟಳು.

ಹೊಸ ಅಕ್ಕಿ ಬಂದಾಗ ಗವಾರಿ ಮನೆಯಿಂದ ಕರೆ ಬಂತು. ಹೌಸಾ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ತಕ್ಕಡಿಯ ಚೀಲವನ್ನು ಮನೆಯಲ್ಲೇ ಬಿಟ್ಟು ಹೊರಟಳು. ಇಂದು ಅವಳು ಅತಿಥಿ. ಒಳಗೆ ಹೊಸ ಅಕ್ಕಿಯ ಪರಿಮಳ, ಹಳ್ಳದ ಮೀನಿನ ಸಾರು. ಧೋಂಡಾಬಾಯಿ ಅವಳ ಬರಿಗೈ ನೋಡಿದಳು.

"ತಕ್ಕಡಿ ಎಲ್ಲಿ?"

ಹಬ್ಬದ ಊಟಕ್ಕೆ ತಕ್ಕಡಿ ಯಾಕೆ, ಇವತ್ತು ತೂಕದ ದಿನವೂ ಅಲ್ಲ ಎಂದು ಹೌಸಾ ಹೇಳಿ ನೋಡಿದಳು. ಧೋಂಡಾಬಾಯಿ ಕೇಳಲಿಲ್ಲ. ಅಂಬಲಿ ಕುಡಿದದ್ದನ್ನು ಬರೆದವಳು ಅನ್ನ ಉಂಡದ್ದನ್ನು ಯಾಕೆ ಬರೆಯುವುದಿಲ್ಲ ಎಂಬುದು ಅವಳ ವಾದ.

"ಉಜ್ವಲಾ, ಓಡು. ಮಾವಶಿ ಮನಿಗೆ ಹೋಗಿ ತಗೊಂಡು ಬಾ."

ಹೌಸಾ ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಅಂಗಳ ದಾಟಿದ್ದಳು. ಇಳಿಜಾರು, ಹಳ್ಳ, ಮತ್ತೆ ಏರು. ಚೈತ್ರದಲ್ಲಿ ಆ ಹಳ್ಳದಿಂದ ಒಂದು ಕೊಡ ನೀರು ತರಲು ಮೂರು ಕಡೆ ಕೂರುತ್ತಿದ್ದಳು. ಹೌಸಾ ಹೊಸ್ತಿಲಲ್ಲಿ ನಿಂತು ನೋಡಿದಳು. ಹಸಿರು ಸೀರೆಯ ಚುಕ್ಕೆ ಹಳ್ಳದಲ್ಲಿ ಮರೆಯಾಗಿ, ಆಚೆ ದಡದಲ್ಲಿ ಮೂಡಿ, ಮನೆಗಳ ನಡುವೆ ಕರಗಿತು. ಸಾರು ಒಲೆಯ ಅಂಚಿನಲ್ಲಿ ಕುದಿಯುತ್ತಲೇ ಇತ್ತು. ಚುಕ್ಕೆ ಮತ್ತೆ ಕಂಡಿತು, ಎಲ್ಲಿಯೂ ನಿಲ್ಲದೆ ಬೆಳೆಯುತ್ತ ಬಂತು.

ಉಜ್ವಲಾ ಸೊಂಟದ ಮೇಲೆ ಚೀಲವಿಟ್ಟುಕೊಂಡು ಬಂದು ನಿಂತಾಗ ಉಸಿರು ಸ್ವಲ್ಪ ಏರಿತ್ತು, ಅಷ್ಟೇ. ನಗು ಬಂತು; ಬಾಯಿಗೆ ಸೆರಗು ಅಡ್ಡ ಹಿಡಿಯಲು ಕೈ ಖಾಲಿ ಇರಲಿಲ್ಲ.

ಧೋಂಡಾಬಾಯಿ ಸೌಟು ಹಾಕಿದಳು. ಅದು ಮುಳುಗಿ ಎದ್ದಿತು, ಸದ್ದಿಲ್ಲದೆ.

"ಈಗ ತೂಗು," ಎಂದಳು, ತುಂಬಿದ ತಟ್ಟೆಯನ್ನು ಮುಂದಿಡುತ್ತ. "ಇದೂ ಖರೇನ."

ಹೌಸಾ ವಹಿ ಬಿಚ್ಚಿ, ಎಂದಿನಂತೆ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದಳು.