ಬಕೆಟ್ಟಿನಲ್ಲಿದ್ದ ಕೊರವ ಮೀನು

ಕೆಂಪಾಂಬುಧಿ ಕೆರೆಗೆ ಇನ್ನೂ ಬೇಲಿ ಬಿದ್ದಿರದ ಕಾಲ. ಚಾಮರಾಜಪೇಟೆಯ ನಮ್ಮ ಮನೆಯಿಂದ ಇಳಿಜಾರಿನಲ್ಲಿ ನಡೆದರೆ ಹದಿನೈದು ನಿಮಿಷಕ್ಕೆ ನೀರು ಕಾಣುತ್ತಿತ್ತು. ದಸರಾ ರಜೆಯಲ್ಲಿ ಬೀದಿಯ ಮಕ್ಕಳೆಲ್ಲ ಬುಗುರಿ, ಕುಂಟೆಬಿಲ್ಲೆ ಅಂತ ಮೈಮರೆತಿದ್ದರೆ ನಾನು ಅಪ್ಪನ ಬಾಲ ಹಿಡಿದು ಕೆರೆಗೆ ಹೋಗುತ್ತಿದ್ದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಈರುಳ್ಳಿಯನ್ನೂ ದೂರ ಇಟ್ಟಿದ್ದ ಮನೆತನ ನಮ್ಮದು. ಅಂಥ ಮನೆಯಲ್ಲಿ ಹುಟ್ಟಿದವರಿಗೆ ಗಾಳ ಹಾಕುವ ಹುಚ್ಚು ಎಲ್ಲಿಂದ ಅಂಟಿಕೊಂಡಿತೋ, ನನಗೆ ಇವತ್ತಿಗೂ ತಿಳಿಯದು.

ಊರು ಬಿಟ್ಟು ಹೋದ ಸಹೋದ್ಯೋಗಿಯೊಬ್ಬರು ಕೊಟ್ಟ ಗಾಳದ ಕೋಲು ಹಿತ್ತಲಿನ ಸೌದೆಯ ಹಿಂದೆ ಇರುತ್ತಿತ್ತು. ಅಮ್ಮ ಅದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದಳು, ಆದರೆ ಚಪಾತಿ ಹಿಟ್ಟಿನಲ್ಲಿ ಒಂದು ಉಂಡೆ ಹೆಚ್ಚಿಗೆ ಕಲಸಿಡುತ್ತಿದ್ದಳು. ಅಪ್ಪ ಅದಕ್ಕೆ ಚಿಟಿಕೆ ಇಂಗು ಸೇರಿಸುತ್ತಿದ್ದರು. ಎರೆಹುಳ ಚುಚ್ಚಲು ಅವರಿಗೆ ಕೈ ಬರುತ್ತಿರಲಿಲ್ಲ. ಮೀನಿನ ಬಾಯಿ ಹರಿಯದಿರಲೆಂದು ಗಾಳದ ಮುಳ್ಳನ್ನು ಕೂಡ ಅರದಲ್ಲಿ ಉಜ್ಜಿ ಸವೆಸಿದ್ದರು. ಹಿಟ್ಟಿಗೆ ಸಿಕ್ಕುತ್ತಿದ್ದದ್ದು ಅಂಗೈಯಗಲದ ಜಿಲೇಬಿ ಮೀನು. ಅದನ್ನು ಒದ್ದೆ ಕೈಯಲ್ಲಿ ಹಿಡಿದು, ಒಂದು ಗಳಿಗೆ ನೋಡಿ, ನೀರಿಗೆ ಬಿಡುತ್ತಿದ್ದರು.

"ಬಿಡೋದಾದ್ರೆ ಯಾಕಪ್ಪ ಹಿಡೀಬೇಕು?"

"ನೋಡೋಕೆ ಕಣೇ."

"ನೋಡೋಕೆ ಹಿಡಿದ್ರೆ ಪಾಪ ಬರಲ್ವಾ?"

ಅಪ್ಪ ಯೋಚನೆ ಮಾಡಿ, "ಸ್ವಲ್ಪ ಬರಬಹುದು" ಅಂದರು. ಲೆಕ್ಕದ ಮೇಷ್ಟ್ರೇ ಹೀಗೆ ಅಳತೆಯಿಲ್ಲದ ಉತ್ತರ ಕೊಟ್ಟರೆ ನನ್ನಂಥವಳ ಗತಿಯೇನು? ಸ್ವಲ್ಪ ಅಂದರೆ ಎಷ್ಟು ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ.

ಪಕ್ಕದ ಬೀದಿಯ ಮಂಜುಳ ನನ್ನ ಜೀವದ ಗೆಳತಿ. ಅವರದು ತರಕಾರಿ ವ್ಯಾಪಾರ. ಅವಳ ಅಮ್ಮ ಮೂಲಂಗಿ ಕಂತೆ ಕಟ್ಟುತ್ತಾ ಕಟ್ಟುತ್ತಾ ಕೈ ಒರೆಸಿಕೊಂಡು ನನಗೂ ಜಡೆ ಹೆಣೆದು ಕನಕಾಂಬರ ಮುಡಿಸುತ್ತಿದ್ದರು. ಆ ರಜೆಯಲ್ಲಿ ಅವರಿಗೆ ಹೊಟ್ಟೆಯ ಆಪರೇಷನ್ ಆಗಿ, ಮನೆಗೆ ಬಂದ ಮೇಲೂ ಹಾಸಿಗೆ ಬಿಟ್ಟು ಏಳಲಿಲ್ಲ. ಒಂದು ದಿನ ಮಂಜುಳ ನಮ್ಮ ಜಗಲಿಗೆ ಬಂದು ನಿಂತಳು.

"ಮೇಷ್ಟ್ರೇ, ಅಮ್ಮಂಗೆ ಕೊರವ ಮೀನಿನ ಸಾರು ಕುಡಿಸಿದ್ರೆ ಗಾಯ ಬೇಗ ಮಾಯುತ್ತಂತೆ. ಮಾರ್ಕೆಟ್ಟಲ್ಲಿ ಜೀವ ಇರೋದು ಸಿಗ್ತಿಲ್ಲ. ತಾತ ನಾಲ್ಕು ದಿನದಿಂದ ಕೆರೆ ಹತ್ರಾನೇ ಕೂತವ್ರೆ, ಬೀಳ್ತಿಲ್ಲ. ನೀವು ಹಿಡಿದ್ರೆ ಬಿಡಬೇಡಿ ಮೇಷ್ಟ್ರೇ, ನಮಗೆ ಕೊಡಿ."

ಮಾರನೆಯ ದಿನ ಹಿಟ್ಟಿನ ಉಂಡೆ ಮನೆಯಲ್ಲೇ ಉಳಿಯಿತು. ಕೊರವ ಹಿಟ್ಟು ಮುಟ್ಟದು, ಕಪ್ಪೆಗಾದರೆ ಬಾಯಿ ಹಾಕುತ್ತದೆಂದು ಅಪ್ಪ ಸಹೋದ್ಯೋಗಿ ಕೊಟ್ಟ ಡಬ್ಬಿಯಲ್ಲಿದ್ದ ರಬ್ಬರ್ ಕಪ್ಪೆಯನ್ನು ದಾರಕ್ಕೆ ಕಟ್ಟಿ ಹೊರಟರು.

ಕಪ್ಪೆಯನ್ನು ಪಾಚಿಯ ಮೇಲೆ ಎಳೆದು ಎಳೆದು ಮೂರು ದಿನ ಕಳೆಯಿತು. ನಾಲ್ಕನೆಯ ಸಂಜೆ ನೀರು ಢಬ್ ಅಂತ ಎದ್ದು, ಮೊಳದುದ್ದದ ಕಪ್ಪು ಕೊರವ ದಡಕ್ಕೆ ಬಂತು. ಮಂಜುಳನ ತಾತ ಓಡಿ ಬಂದು ಅದನ್ನು ಬಕೆಟ್ಟಿಗೆ ಹಾಕಿದರು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದದ್ದು ನೋಡಿ ನಕ್ಕರು.

"ಯಾಕ್ ಹೆದರ್ತೀರ ಮೇಷ್ಟ್ರೇ? ಕೊಂದ ಪಾಪ ತಿಂದ್ರೆ ಪರಿಹಾರ."

ಬಕೆಟ್ ಭಾರವೆಂದು, ಅದನ್ನು ತಾವೇ ತರುವುದಾಗಿ ಅಪ್ಪ ಹೇಳಿದರು. ಮಸಾಲೆ ರುಬ್ಬಲು ಹೇಳುತ್ತೇನೆಂದು ತಾತ ಮುಂದೆ ಹೋದರು. ಅಪ್ಪ ರಸ್ತೆಯ ಬದಿಗೆ ನಿಲ್ಲಿಸಿದ್ದ ಸೈಕಲ್ ತರಲು ಮೇಲಕ್ಕೆ ಹತ್ತಿದರು. ಮೀನಿನ ಕಾವಲಿಗೆ ನಾನೊಬ್ಬಳೇ ಉಳಿದೆ.

ತಾತ ತಮಾಷೆಗೆ ಅಂದ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತ್ತು. ತಿಂದರೆ ಪರಿಹಾರ, ಸರಿ. ಆದರೆ ಅಪ್ಪ ತಿನ್ನುವುದಿಲ್ಲವಲ್ಲ! ತಿನ್ನುವವರು ಮಂಜುಳನ ಅಮ್ಮ, ಪರಿಹಾರ ಅವರಿಗೆ. ಹಿಡಿದ ಅಪ್ಪನ ಪಾಪ ಹಾಗೇ ಉಳಿಯುತ್ತದೆ, ಅದೂ ಈ ಸಲ ಸ್ವಲ್ಪವಲ್ಲ. ಹಾಗಂತ ಬಿಟ್ಟರೆ ಮಂಜುಳನ ಅಮ್ಮನ ಗಾಯ? ಅತ್ತ ದರಿ ಇತ್ತ ಪುಲಿ. ಬಕೆಟ್ಟಿನೊಳಗೆ ಮೀನು ಬಾಯಿ ಮೇಲೆತ್ತಿ ಉಸಿರೆಳೆಯಿತು. ನಾನು ಬಕೆಟ್ಟನ್ನು ದರದರ ಎಳೆದುಕೊಂಡು ಹೋಗಿ ಮೆಟ್ಟಿಲಿನಿಂದ ಕೆರೆಗೆ ಬಗ್ಗಿಸಿಬಿಟ್ಟೆ.

ಅಪ್ಪ ಬಂದು ಖಾಲಿ ಬಕೆಟ್ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಒಂದೇಟು ಹಾಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಂಜುಳನ ಮನೆಯ ಬಾಗಿಲಲ್ಲೇ ರುಬ್ಬಿದ ಮಸಾಲೆಯ ಘಮ ಬಡಿಯಿತು. "ನನ್ನ ಕೈಯಿಂದ ಜಾರಿ ಹೋಯ್ತು, ಕ್ಷಮಿಸಿ" ಅಂದರು ಅಪ್ಪ. ಅವರ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು. ಒಳಗೆ ಮಲಗಿದ್ದ ಅವಳ ಅಮ್ಮ, "ಹೋಗ್ಲಿ ಬಿಡಿ ಸ್ವಾಮಿ, ಅದರ ಆಯಸ್ಸು ಗಟ್ಟಿ ಇತ್ತು" ಅಂದದ್ದು ಕೇಳಿ ನಾನು ಅಪ್ಪನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡೆ.

ಮರುದಿನ ಬೆಳಗಿನ ಜಾವವೇ ಅಪ್ಪ ಮೀನಿನ ಮಾರ್ಕೆಟ್ಟಿಗೆ ಹೋಗಿ, ಮೂಗಿಗೆ ಪಂಚೆಯ ತುದಿ ಹಿಡಿದು ಮೊದಲ ಬುಟ್ಟಿ ಇಳಿಯುವವರೆಗೆ ಕಾದು ನಿಂತು, ಜೀವ ಇದ್ದ ಒಂದು ಕೊರವ ತಂದು ಅವರ ಮನೆಗೆ ಕೊಟ್ಟರಂತೆ. ನಾನು ಒಂದನ್ನು ಉಳಿಸಿದ್ದಕ್ಕೆ ಇನ್ನೊಂದು ಸತ್ತಿತು. ಹಾಗಾದರೆ ಪಾಪ ಯಾರದು? ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ಆಮೇಲೆ ಗಾಳ ಮುಟ್ಟಲಿಲ್ಲ. ನಾಚಿಕೆಯಿಂದ ನಾನೂ ಮಂಜುಳನ ಮನೆಗೆ ಕಾಲಿಡಲಿಲ್ಲ. ಅವಳು ಕರೆದಾಗಲೆಲ್ಲ ಹೋಂವರ್ಕ್ ಇದೆ ಅನ್ನುತ್ತಿದ್ದೆ. ಕೊನೆಗೆ ಅವಳು ಕರೆಯುವುದನ್ನೇ ಬಿಟ್ಟಳು.

ಈಗ ಕೆರೆಯ ಸುತ್ತ ಬೇಲಿ ಇದೆ, ವಾಕಿಂಗ್ ಹೋಗುವವರಿದ್ದಾರೆ. ಅಪ್ಪ ಇಲ್ಲ. ಮೊನ್ನೆ ಗಾಂಧಿಬಜಾರಿನ ಹೂವಿನ ಅಂಗಡಿ ಮುಂದೆ ಯಾರೋ ಹೆಗಲು ಮುಟ್ಟಿದರು. ನರೆಗೂದಲಿನ ಮಂಜುಳ. ಆಪರೇಷನ್ ಆದ ಮೇಲೆ ಮೂವತ್ತು ವರ್ಷ ಅವಳ ಅಮ್ಮ ಗಟ್ಟಿಮುಟ್ಟಾಗಿದ್ದರಂತೆ. ತೀರಿಕೊಂಡು ಎರಡು ವರ್ಷವಾಯಿತಂತೆ.

"ಮೇಷ್ಟ್ರ ಮಗಳು ಯಾಕೆ ಬರಲ್ಲ ಅಂತ ಕೇಳ್ತಾನೇ ಇದ್ಲು ಕಣೇ. ನಮ್ಮನೇಲಿ ಮೀನು ಬೇಯ್ಸಿದ್ದಕ್ಕೆ ನಿಂಗೆ ಅಸಹ್ಯ ಆಗಿರ್ಬೇಕು ಅಂದ್ಕೊಂಡ್ವಿ. ನೀನು ಬಂದ್ರೂ ಬರಬಹುದು ಅಂತ ಅಮ್ಮ ಎಷ್ಟೋ ದಿನ ಮನೇಲಿ ಮೀನು ಮಾಡೋಕೇ ಬಿಡಲಿಲ್ಲ."

ಅಲ್ಲೇ, ಜನರ ನಡುವೆ, ಮೀನನ್ನು ಬಿಟ್ಟದ್ದು ನಾನು, ಮುಖ ತೋರಿಸಲಾಗದೆ ಬರಲಿಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ಅಳು ಬಂದುಬಿಟ್ಟಿತು. ಮಂಜುಳ ನನ್ನ ಕೈ ಹಿಡಿದುಕೊಂಡಳು.

"ಇದನ್ನ ಅಮ್ಮಂಗೆ ಹೇಳ್ಬೇಕಾಗಿತ್ತು ಕಣೇ" ಅಂದಳು.